ಮೈನ್ ಟ್ರೇನ್ ಕೋಸ್ಟರ್ ಮಾದರಿ: ಎರಡನೇ ಲಿಫ್ಟಿನವರೆಗಿನ ಕೆಲಸ

ಗಣಿಯ ರೈಲಿನಂತೆ ಕಾಣುವ ರೋಲರ್ ಕೋಸ್ಟರಿನ (ಏರಿಳಿಯುವ ಹಳಿಯ ಆಟದ ರೈಲು) ಸಣ್ಣ ಮಾದರಿ ಇದು. ಸ್ಥಳ: ಬಳ್ಳಾರಿ, ತಗಡಿನ ಶೆಡ್. ಅಳತೆ 1:25. ಒಟ್ಟು ಹಳಿ 14 ಮೀಟರ್, ಕೂತಿರುವುದು 9. ಗಾಡಿಯನ್ನು ಚೈನಿನಿಂದ ಮೇಲಕ್ಕೆ ಎಳೆಯುವ ಮೂರು ಲಿಫ್ಟ್‌ಗಳಲ್ಲಿ ಎರಡು ಓಡುತ್ತಿವೆ.

ಮೂರು ಲಿಫ್ಟ್ ಚಂದಕ್ಕಲ್ಲ. 1966ರಲ್ಲಿ ಆರೋ ಡೆವಲಪ್‌ಮೆಂಟ್ ಕಂಪನಿ ಟೆಕ್ಸಾಸಿನಲ್ಲಿ ಕಟ್ಟಿದ ರನ್‌ಅವೇ ಮೈನ್ ಟ್ರೇನ್‌ಗೂ ಮೂರು ಲಿಫ್ಟ್: ಒಂದೇ ದೊಡ್ಡ ಇಳಿತದ ಬದಲು ಸಣ್ಣ ಇಳಿತ, ಮತ್ತೆ ಏರು. ಮಾದರಿಗೆ ಇದೇ ಹೊಂದುತ್ತದೆ. ಚಕ್ರ ಸಣ್ಣದಾದಷ್ಟೂ ಘರ್ಷಣೆಯ ಪಾಲು ಹೆಚ್ಚು. ಒಂದೇ ಲಿಫ್ಟಿನ ಬಲದಲ್ಲಿ ಸುತ್ತು ಮುಗಿಯುವುದಿಲ್ಲ.

ಹಳಿಗೆ 5 ಮಿ.ಮೀ. ಮೈಲ್ಡ್ ಸ್ಟೀಲ್ ಸರಳು. ಬಗ್ಗಿಸಿ ಬಿಟ್ಟ ಮೇಲೆ ಅದು ಸ್ವಲ್ಪ ಹಿಂದಕ್ಕೆ ಬರುತ್ತದೆ, ಹಾಗಾಗಿ ಮರದ ಅಚ್ಚಿನ ತ್ರಿಜ್ಯವನ್ನು ಬೇಕಾದ್ದಕ್ಕಿಂತ ಕಡಿಮೆ ಇಡಬೇಕು. ಮುಂಜಾನೆಯಿಂದ ಮಧ್ಯಾಹ್ನಕ್ಕೆ ಶೆಡ್ಡಿನ ಬಿಸಿ 25 ಡಿಗ್ರಿ ಏರಿದರೆ ಮೀಟರಿಗೆ 0.3 ಮಿ.ಮೀ. ಹಿಗ್ಗು. ಒಂದೂವರೆ ಮೀಟರಿಗೊಂದು ಕಡೆ ಅರ್ಧ ಮಿ.ಮೀ. ಸಂದಿ ಬಿಟ್ಟಿದೆ, ಕೊಯ್ತ ಓರೆಯಾಗಿರಲಿ, ನೇರವಾಗಿದ್ದರೆ ಚಕ್ರ ಕುಕ್ಕುತ್ತದೆ. ಎರಡು ಹಳಿಗಳನ್ನು ಹಿಡಿದಿಡುವ ಅಡ್ಡಪಟ್ಟಿಯನ್ನು 3ಡಿ ಪ್ರಿಂಟರಿನಲ್ಲಿ ಪಿಎಲ್‌ಎ ಪ್ಲಾಸ್ಟಿಕ್ಕಿನಿಂದ ಮುದ್ರಿಸಬೇಡಿ. ಅದು ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಕಾದ ತಗಡಿಗೆ ತಾಗಿದ ಪಟ್ಟಿ ಜೋತು ಬೀಳುತ್ತದೆ. ಪಿಇಟಿಜಿ ಪ್ಲಾಸ್ಟಿಕ್ ಆ ಬಿಸಿ ತಡೆಯುತ್ತದೆ.

ನಿಜವಾದ ತಲೆನೋವು ಕೆಂಪು ಧೂಳು. ಸಂಡೂರು ಕಡೆಯ ಅದಿರಿನ ಧೂಳು ಎಣ್ಣೆ ಕಂಡರೆ ಅಂಟಿ, ಉಜ್ಜುವ ಪೇಸ್ಟ್ ಆಗುತ್ತದೆ. ಚಕ್ರದ 623 ನಂಬರಿನ ಬೇರಿಂಗ್ (ಒಳಗೆ 3, ಹೊರಗೆ 10 ಮಿ.ಮೀ.) ಎರಡೂ ಕಡೆ ಮುಚ್ಚಳ ಇರುವ ಝಡ್‌ಝಡ್ ಮಾದರಿಯದೇ ಬೇಕು. ಒಳಗಿನ ದಪ್ಪ ಗ್ರೀಸನ್ನು ಪೆಟ್ರೋಲಿನಲ್ಲಿ ತೊಳೆದು, ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ. ಹೊರಗೆ ಸುರಿದ ಎಣ್ಣೆ ಒರೆಸಿ. ಅದೇ ಧೂಳನ್ನು ಜರಡಿ ಹಿಡಿದು ಫೆವಿಕಾಲ್‌ಗೆ ಕಲಸಿದರೆ ಗುಡ್ಡಕ್ಕೆ ಬಣ್ಣವೇ ಬೇಕಿಲ್ಲ, ಅಷ್ಟು ಲಾಭ.

ಗಾಡಿಗೆ ಐದು ಡಬ್ಬಿ. ಮೊದಲನೆಯದಕ್ಕೆ ಚಕ್ರದ ಅಚ್ಚು ಎರಡು, ಉಳಿದವಕ್ಕೆ ಒಂದೊಂದು. ಎಲ್ಲಕ್ಕೂ ಎರಡಿಟ್ಟರೆ ತಿರುವಿನಲ್ಲಿ ಬಿಗಿಯುತ್ತದೆ. ಗಾಡಿ ಮೇಲೇಳದಂತೆ ಹಳಿಯ ಕೆಳಗೆ ಓಡುವ ತಡೆಚಕ್ರಕ್ಕೆ ಅರ್ಧ ಮಿ.ಮೀ. ಸಡಿಲ ಸಾಕು.

40 ಸೆಂ.ಮೀ. ಇಳಿತದ ತಳದಲ್ಲಿ ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೆ ಸೆಕೆಂಡಿಗೆ 2.8 ಮೀಟರ್. ಈ ಅಳತೆಗೆ ಐದು ಪಟ್ಟು ಜೋರು, ನೋಡುವವರಿಗೆ ಆಟಿಕೆ ಅನ್ನಿಸುವುದು ಅದಕ್ಕೇ. ಗಾಡಿಯನ್ನು ಬ್ರೇಕ್ ಹಾಕಿ ನಿಧಾನ ಮಾಡಿದರೆ ಮುಂದಿನ ಗುಡ್ಡ ಹತ್ತುವುದಿಲ್ಲ. ವಿಡಿಯೊವನ್ನು ಸೆಕೆಂಡಿಗೆ 120 ಫ್ರೇಮ್ ಹಿಡಿದು 24ರಲ್ಲಿ ಓಡಿಸಿ, ಸರಿಹೋಗುತ್ತದೆ.

ಲಿಫ್ಟಿಗೆ 6.35 ಮಿ.ಮೀ. ಪಿಚ್ (ಕೊಂಡಿಯಿಂದ ಕೊಂಡಿಗೆ ಅಂತರ) ಚೈನು, 11 ಹಲ್ಲಿನ ಚಕ್ರ, 60 ಆರ್‌ಪಿಎಂ ಮೋಟರ್: ಸೆಕೆಂಡಿಗೆ 7 ಸೆಂ.ಮೀ. ಕರೆಂಟ್ ಹೋದಾಗ ಗಾಡಿ ಹಿಂದಕ್ಕೆ ಜಾರದಂತೆ ಹಳಿ ನಡುವೆ ಗರಗಸದ ಹಲ್ಲಿನ ಪಟ್ಟಿ, ಡಬ್ಬಿ ಕೆಳಗೆ ತನ್ನ ಭಾರಕ್ಕೇ ಬೀಳುವ ಕೊಕ್ಕೆ. ಕೊಕ್ಕೆಗೆ ಸ್ಪ್ರಿಂಗ್ ಬೇಡ, ಧೂಳು ಸಿಕ್ಕಿ ನಿಂತುಬಿಡುತ್ತದೆ. ಕರೆಂಟ್ ಬಂದ ಕೂಡಲೇ ಮೋಟರ್ ತಾನಾಗಿ ಶುರುವಾಗಬಾರದು. ಬಟನ್ ಒತ್ತಿದ ಮೇಲೆಯೇ ಓಡುವಂತೆ ಆರ್ಡುಯಿನೊದಲ್ಲಿ (ಮೋಟರ್ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್) ಪ್ರೋಗ್ರಾಂ ಬರೆದಿದೆ.

ಬಾಕಿ: ಮೂರನೇ ಲಿಫ್ಟ್, ಸುರಂಗ, ಎರಡನೇ ಗಾಡಿ. ಎರಡು ಗಾಡಿ ಡಿಕ್ಕಿಯಾಗದಂತೆ ಒಂದೊಂದು ಲಿಫ್ಟೂ ಗಾಡಿಯನ್ನು ತಡೆದು ನಿಲ್ಲಿಸುವ ಬ್ಲಾಕ್ (ಒಂದು ಸಲಕ್ಕೆ ಒಂದೇ ಗಾಡಿ ಇರುವ ಭಾಗ) ಆಗುತ್ತದೆ, ಆದ್ದರಿಂದ ಬೇರೆ ಬ್ರೇಕ್ ಬೇಕಿಲ್ಲ. ಗಾಡಿ ಬಂದದ್ದನ್ನು ತಿಳಿಯಲು ಆಯಸ್ಕಾಂತ ಹತ್ತಿರ ಬಂದಾಗ ಕೆಲಸ ಮಾಡುವ ರೀಡ್ ಸ್ವಿಚ್. ಶೆಡ್ ಬಾಗಿಲಿನ ಬಿಸಿಲಿಗೆ ಇನ್‌ಫ್ರಾರೆಡ್ ಸೆನ್ಸರ್ ನಂಬಿಕೆಗೆ ಬರುವುದಿಲ್ಲ.