ಗೇಜ್ ನೋಡಿ ಅಂತ ಹೇಳದ ದಿನ

ತರಬೇತುದಾರರಿಗೇ ನಡೆಯುವ ಐದು ದಿನದ ತರಬೇತಿಗೆ ಹೋಗಿದ್ದೆ. ಅಗ್ನಿಶಾಮಕ ದಳಕ್ಕೆ ಹೊಸದಾಗಿ ಸೇರಿದವರಿಗೆ ಬಿಎ ಸೆಟ್ ಕಲಿಸುವುದು ನನ್ನ ಕೆಲಸ. ಬಿಎ ಸೆಟ್ ಅಂದರೆ ಹೊಗೆಯೊಳಗೆ ಹೋಗುವಾಗ ಬೆನ್ನಿಗೆ ಹಾಕಿಕೊಳ್ಳುವ ಗಾಳಿ ಸಿಲಿಂಡರ್ ಮತ್ತು ಮಾಸ್ಕ್. ಸಿಲಿಂಡರ್‌ನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ತೋರಿಸುವುದು ಅದರ ಗೇಜ್. ಹನ್ನೊಂದು ವರ್ಷದಿಂದ ಇದನ್ನೇ ಕಲಿಸುತ್ತಿದ್ದೇನೆ.

ಮೊದಲೆರಡು ದಿನ ತರಗತಿ. 1982ರಲ್ಲಿ ಅಮೆರಿಕದ ಬೋಲ್ಡರ್‌ನಲ್ಲಿ ನಿಜವಾದ ಬೆಂಕಿ ಹಚ್ಚಿ ತರಬೇತಿ ಕೊಡುವಾಗ ಇಬ್ಬರು ಸಿಬ್ಬಂದಿ ಸತ್ತರು. ಅದಾದ ಮೇಲೆ 1986ರಲ್ಲಿ ಅಲ್ಲಿನ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯಿಂದ ಇಂಥ ತರಬೇತಿಗೆ ಎನ್‌ಎಫ್‌ಪಿಎ 1403 ಎಂಬ ಮಾನದಂಡ ಬಂತು. ಐದು ಜನ ಕಲಿಯುವವರಿಗೆ ಕನಿಷ್ಠ ಒಬ್ಬ ತರಬೇತುದಾರ ಇರಬೇಕು, ಬೆಂಕಿಯ ತರಬೇತಿಯಲ್ಲಿ ಗಾಯಾಳುವಿನ ಪಾತ್ರಕ್ಕೆ ಜೀವಂತ ಮನುಷ್ಯರನ್ನು ಮಲಗಿಸಬಾರದು ಅಂತೆಲ್ಲ ಅದರಲ್ಲಿದೆ. ನಿಯಮ ನನಗೆ ಗೊತ್ತಿತ್ತು. ಅದರ ಹಿಂದಿನ ಸಾವುಗಳ ವಿವರ ಕೇಳಿದ್ದು ಅವತ್ತೇ.

ಮೂರನೇ ದಿನ ನಾವೇ ಪಾಠ ಮಾಡಬೇಕಿತ್ತು. ನನಗೆ ಐದು ಜನ ಹೊಸಬರನ್ನು ಕೊಟ್ಟರು. ಕತ್ತಲೆ ಕೋಣೆಗಳು, ಯಂತ್ರದಿಂದ ಬಿಡುವ ಕೃತಕ ಹೊಗೆ, ಒಳಗೆಲ್ಲೋ ಒಂದು ಗೊಂಬೆ. ಅದನ್ನು ಹುಡುಕಿ ಹೊರಗೆ ತರಬೇಕು. ಹಿರಿಯ ಅಧಿಕಾರಿ ಒಬ್ಬರು ಪುಸ್ತಕ ಹಿಡಿದು ನನ್ನ ಹಿಂದೆಯೇ ಬಂದರು. ಪಾಠ ಚೆನ್ನಾಗಿಯೇ ನಡೆಯಿತು. ಗೊಂಬೆ ಹೊರಗೆ ಬಂತು, ಯಾರಿಗೂ ತೊಂದರೆ ಆಗಲಿಲ್ಲ.

ಎಲ್ಲ ಮುಗಿದ ಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದರು.

"ಗೇಜ್ ನೋಡಿ ಅಂತ ಎಷ್ಟು ಸಲ ಹೇಳಿದಿರಿ?"

"ಲೆಕ್ಕ ಇಟ್ಟಿಲ್ಲ ಸರ್."

"14 ಸಲ. ಹುಡುಗರು ಗೇಜ್ ನೋಡಿದ್ದೂ 14 ಸಲ. ನೀವು ಹೇಳದೆ ಯಾರಾದರೂ ಒಂದು ಸಲ ನೋಡಿದ್ದು ಕಂಡಿರಾ?"

ನನಗೆ ಉತ್ತರ ಕೊಡಲು ಆಗಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಸಿಲಿಂಡರ್ ಲೆಕ್ಕ ನಾನೇ ಬೋರ್ಡ್ ಮೇಲೆ ಬರೆದು ಕಲಿಸುತ್ತೇನೆ. 6.8 ಲೀಟರ್ ಸಿಲಿಂಡರ್, 300 ಬಾರ್ ಒತ್ತಡ, ಅಂದರೆ ಸುಮಾರು 2000 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಅಂತ ಹಿಡಿದರೆ 50 ನಿಮಿಷ ಬರುತ್ತದೆ. ಆದರೆ ಹೆದರಿದವನು, ಭಾರ ಎಳೆಯುವವನು ಹಾಗೆ ಲೆಕ್ಕ ಹಾಕಿ ಉಸಿರಾಡುತ್ತಾನಾ? ಅರ್ಧ ಗಂಟೆಗೇ ಮುಗಿದುಹೋಗಬಹುದು. ಹಾಗಾಗಿಯೇ ಗೇಜ್ ನೋಡುವ ಅಭ್ಯಾಸ ಬೇಕು. ನಾನು ಬೆಳೆಸಿದ್ದು ಬೇರೆ ಅಭ್ಯಾಸ, ನನ್ನ ದನಿಗೆ ಕಾಯುವ ಅಭ್ಯಾಸ. ನಿಜವಾದ ಬೆಂಕಿಯಲ್ಲಿ ನಾನು ಅವರ ಹಿಂದೆ ಇರುವುದಿಲ್ಲ. ನನ್ನ ಕೈಯಲ್ಲಿ ಕಲಿತು ಹೋದ ಎಷ್ಟೋ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು.

ಹನ್ನೊಂದು ವರ್ಷದಲ್ಲಿ ನನ್ನ ಪಾಠವನ್ನು ಹೀಗೆ ಕೂತು ನೋಡಿದವರು ಯಾರೂ ಇರಲಿಲ್ಲ. ಹಾಜರಿ ನೋಡಿದ್ದಾರೆ, ಪಾಸಾದವರ ಸಂಖ್ಯೆ ನೋಡಿದ್ದಾರೆ, ಅಷ್ಟೇ. ತರಬೇತುದಾರನಿಗೆ ವಿಷಯ ಗೊತ್ತಿದ್ದರೆ ಸಾಕು ಅಂತ ನಾವೆಲ್ಲ ನಂಬಿಕೊಂಡುಬಿಟ್ಟಿದ್ದೇವೆ. ವರ್ಷಕ್ಕೆ ಒಂದು ಸಲವಾದರೂ ಪ್ರತಿ ತರಬೇತುದಾರನ ಹಿಂದೆ ಒಬ್ಬರು ಪುಸ್ತಕ ಹಿಡಿದು ನಿಲ್ಲಬೇಕು ಅಂತ ಈಗ ಎಲ್ಲರ ಹತ್ತಿರವೂ ಹೇಳುತ್ತೇನೆ.

ಮರುದಿನ ಅದೇ ಐವರು, ಅದೇ ಕೋಣೆಗಳು. ಈ ಸಲ ಸಿಲಿಂಡರ್‌ಗಳಲ್ಲಿ ಬೇಕಂತಲೇ 120 ಬಾರ್ ಮಾತ್ರ ಇಟ್ಟೆವು. ಪ್ರತಿ ಕೋಣೆಯಲ್ಲೂ ತುಂಬಿದ ಸೆಟ್ ಹಾಕಿಕೊಂಡ ಒಬ್ಬ ತರಬೇತುದಾರ ನಿಂತಿದ್ದರು. ಅಪಾಯ ಕಂಡರೆ ಮಾತ್ರ ಬಾಯಿ ಬಿಡಬೇಕು ಅಂತ ಮಾತಾಗಿತ್ತು.

ಸುಮ್ಮನಿರುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಮೊದಲ ಜೋಡಿ ಗೋಡೆ ಹಿಡಿದು ಒಳಗೆ ಹೋಯಿತು. ಎರಡು ಕೋಣೆ ದಾಟಿದರು, ಗೇಜ್ ಮುಟ್ಟಲಿಲ್ಲ. ಹೇಳಿಬಿಡಲಾ ಅಂತ ಮೂರು ಸಲ ಅನಿಸಿತು. ಮೂರನೇ ಕೋಣೆಯಲ್ಲಿ ಒಬ್ಬಳ ಸೆಟ್‌ನ ವಿಷಲ್ ಹೊಡೆಯಿತು. ಗಾಳಿ ಕಡಿಮೆಯಾದಾಗ ಅದು ತಾನಾಗಿ ಹೊಡೆಯುತ್ತದೆ, ಅಂದರೆ 55 ಬಾರ್ ಆಸುಪಾಸಿಗೆ ಇಳಿದಿದೆ ಅಂತ. ಇಬ್ಬರೂ ಗಾಬರಿಯಿಂದ ತಿರುಗಿದರು, ಗೋಡೆ ಕೈತಪ್ಪಿತು, ಬಾಗಿಲು ಸಿಗಲಿಲ್ಲ. ತಕ್ಷಣ ಅಭ್ಯಾಸ ನಿಲ್ಲಿಸಿ ಹೊರಗೆ ಕರೆದುಕೊಂಡು ಬಂದೆವು.

ಯಾವಾಗಲೂ ಆಗಿದ್ದರೆ ತಪ್ಪುಗಳ ಪಟ್ಟಿ ನಾನೇ ಹೇಳುತ್ತಿದ್ದೆ. ಅವತ್ತು ಕೇಳಿದ್ದು ಒಂದೇ ಪ್ರಶ್ನೆ. "ವಿಷಲ್ ಹೊಡೆದಾಗ ಹೊರಗಿನ ಬಾಗಿಲು ಎಷ್ಟು ದೂರ ಇತ್ತು?"

ಮಾಸ್ಕ್ ಅಂಚಿನ ಗುರುತು ಇನ್ನೂ ಮುಖದ ಮೇಲಿತ್ತು. ಅವಳು ತುಂಬಾ ಹೊತ್ತು ಯೋಚಿಸಿದಳು. "ವಾಪಸ್ ಬರೋಕೆ ಬೇಕಾದ ಗಾಳೀನ ಒಳಗೆ ಹೋಗೋಕೇ ಮುಗಿಸಿಬಿಟ್ವಿ ಸರ್" ಅಂದಳು. ಇದೇ ಮಾತನ್ನು ನಾನು ನೂರಾರು ಸಲ ಹೇಳಿದ್ದೇನೆ. ಕಲಿಯುವವರ ಬಾಯಿಂದ ಕೇಳಿದ್ದು ಅದೇ ಮೊದಲು.

ಮಧ್ಯಾಹ್ನ ಅದೇ ಜೋಡಿ ಮತ್ತೆ ಒಳಗೆ ಹೋಯಿತು. ಸಿಲಿಂಡರ್‌ನಲ್ಲಿ ಮತ್ತೆ 120. ಪ್ರತಿ ಬಾಗಿಲಲ್ಲೂ ಅವಳು ಜೊತೆಗಾರನ ಭುಜ ತಟ್ಟಿ "ಎಷ್ಟಿದೆ?" ಅಂತ ಕೇಳಿದಳು. ಭುಜ ತಟ್ಟುವುದನ್ನು ನಾನು ಹೇಳಿಕೊಟ್ಟಿರಲಿಲ್ಲ. ಎರಡನೇ ಬಾಗಿಲಲ್ಲಿ ಅವನು "90" ಅಂದ. ಅವಳು ತನ್ನ ಗೇಜ್‌ಗೆ ಟಾರ್ಚ್ ಹಿಡಿದು ನೋಡಿದಳು, ಒಂದು ಕ್ಷಣ ನಿಂತಳು, "ವಾಪಸ್" ಅಂದಳು.

ಗೊಂಬೆ ಇದ್ದದ್ದು ಅದರ ಮುಂದಿನ ಕೋಣೆಯಲ್ಲೇ. ಇಬ್ಬರೂ ಬರಿಗೈಯಲ್ಲಿ ಹೊರಗೆ ಬಂದರು, ವಿಷಲ್ ಹೊಡೆಯುವ ಮೊದಲೇ. ಹಾಳೆಯಲ್ಲಿ ಅವರಿಬ್ಬರ ಹೆಸರಿನ ಮುಂದೆ ಪಾಸ್ ಅಂತ ಬರೆದೆ.