ಲ್ಯಾಗಾವುಲಿನ್ 16 ಮತ್ತು ಅಮ್ಮನ ಮೂಗು

"ಕುಡಿಯೋದಾದ್ರೆ ಕುಡಿ, ಇಲ್ಲಾಂದ್ರೆ ಜಾಗ ಖಾಲಿ ಮಾಡು. ನನ್ನ ಸೀರೆ ಇಡ್ಬೇಕು."

ಬೀರುವಿನ ಮೇಲಿನ ಅರೆಯಲ್ಲಿ ಹಳೇ ಸ್ವೆಟರ್ ಒಳಗೆ ಸುತ್ತಿಟ್ಟಿದ್ದ ಲ್ಯಾಗಾವುಲಿನ್ 16 ಅನ್ನೋ ಸ್ಕಾಚ್ ವಿಸ್ಕಿ ಬಾಟಲಿ ಅಮ್ಮನ ಕೈಯಲ್ಲಿತ್ತು. ತೀರ್ಥಹಳ್ಳಿ ಕಡೆಯ ಮನೆ ಬಿಟ್ಟು ಅವಳು ಬೆಂಗಳೂರಿಗೆ ಬಂದು ಎರಡು ವಾರ ಆಗಿತ್ತಷ್ಟೇ. ನಾನು 17 ವರ್ಷ ಬಚ್ಚಿಟ್ಟಿದ್ದೆ.

ಅದನ್ನು ಕೊಂಡಿದ್ದು 2008ರಲ್ಲಿ. ಕೆಲಸದ ಮೇಲೆ ಆರು ತಿಂಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದೆ. ಒಂದು ವಾರಾಂತ್ಯ ಬಸ್ಸು, ಆಮೇಲೆ ಫೆರಿ ಹತ್ತಿ ಐಲಾ ದ್ವೀಪಕ್ಕೆ ಹೋದೆ. ಪೋರ್ಟ್ ಎಲೆನ್‌ನಲ್ಲಿ ಇಳಿದು ಕಡಲಂಚಿನ ದಾರಿ ಹಿಡಿದರೆ ಮೊದಲು ಲಫ್ರಾಯ್ಗ್, ಆಮೇಲೆ ಲ್ಯಾಗಾವುಲಿನ್, ಇನ್ನೂ ಮುಂದೆ ಆರ್ಡ್‌ಬೆಗ್, ಮೂರೂ ವಿಸ್ಕಿ ಭಟ್ಟಿಗಳು. ನಮ್ಮೂರಿನ ಹಾಗೇ ಜಿಟಿಜಿಟಿ ಮಳೆ. ಲ್ಯಾಗಾವುಲಿನ್ ಒಳಗೆ ಹೋಗಿ ಒಂದು ಗುಟುಕು ಮೂಗಿನ ಹತ್ತಿರ ತಂದೆ ನೋಡಿ, ಬಚ್ಚಲೊಲೆ ಮೇಲೆ ಒಣಗಲು ಹಾಕಿದ ಕಂಬಳಿ ಕೊಪ್ಪೆಯ ವಾಸನೆ! ಒದ್ದೆ ಉಣ್ಣೆ, ಹೊಗೆ, ಮಸಿ.

ಅಲ್ಲಿ ಸೌದೆ ಬದಲು ಪೀಟ್ ಉರಿಸುತ್ತಾರೆ. ಜೌಗು ನೆಲದಲ್ಲಿ ಸಾವಿರಾರು ವರ್ಷದಿಂದ ಅರೆಬರೆ ಕೊಳೆತು ಮಣ್ಣಾದ ಗಿಡ, ಪಾಚಿ ಅದು. ಮೊಳಕೆ ಬಂದ ಬಾರ್ಲಿಯನ್ನು ಆ ಹೊಗೆಯಲ್ಲಿ ಒಣಗಿಸಿದಾಗ ಕಾಳಿಗೆ ವಾಸನೆ ಹತ್ತಿಕೊಳ್ಳುತ್ತೆ. ವಿಸ್ಕಿಯಾಗಿ ಪೀಪಾಯಿಯಲ್ಲಿ 16 ವರ್ಷ ಕೂತರೂ ಹೋಗಲ್ಲ.

ಹೊಗೆಯ ಹಿಂದೆ ಇನ್ನೊಂದು ವಾಸನೆ ಇತ್ತು. ಅದು ಅಮ್ಮನ ಸೆರಗು. ಅಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಊರಿಗೆಲ್ಲ ಸಿಸ್ಟರಮ್ಮ. ಸಂಜೆ ಮನೆಗೆ ಬಂದು ಸ್ನಾನ ಮಾಡುವ ತನಕ ಅವಳ ಹತ್ತಿರ ಟಿಂಚರ್ ವಾಸನೆ.

ಸೀಸೆಯ ಮೇಲೆ 16 ಅಂತಿದ್ದರೆ ಅದರಲ್ಲಿರುವ ಅತಿ ಕಿರಿಯ ಹನಿಗೂ ಅಷ್ಟು ವಯಸ್ಸು ಅಂತ ಅರ್ಥ. ಗಾಜಿಗೆ ಬಂದ ಮೇಲೆ ವಯಸ್ಸು ಏರಲ್ಲ, ನನ್ನ ಬೀರುವಿನಲ್ಲಿ ಕಳೆದ ವರ್ಷಗಳಿಗೆ ಲೆಕ್ಕ ಇಲ್ಲ. ಅಂದರೆ ನನ್ನ ಬಾಟಲಿಯಲ್ಲಿರುವುದೆಲ್ಲ 1992ರ ಹೊತ್ತಿಗೇ ಪೀಪಾಯಿ ಸೇರಿತ್ತು. ಆಗ ನನಗೆ ಒಂಬತ್ತು. ಅಂಗಳದ ಪಾಚಿಯಲ್ಲಿ ಜಾರಿ ಮಂಡಿ ಕಿತ್ತುಕೊಳ್ಳುವುದು ದಿನದ ಕೆಲಸ. ಅಮ್ಮ ಹತ್ತಿಯನ್ನು ಟಿಂಚರ್‌ನಲ್ಲಿ ಅದ್ದಿ, "ಆ ಕಡೆ ನೋಡು, ಮಂಗ!" ಅನ್ನುತ್ತಿದ್ದಳು. ನಾನು ಪ್ರತಿ ಸಲ ನೋಡುತ್ತಿದ್ದೆ. ಅಷ್ಟರಲ್ಲಿ ಉರಿ.

ಇಷ್ಟು ವರ್ಷ ಯಾಕೆ ತೆಗೆಯಲಿಲ್ಲ ಅಂದರೆ, ತೆಗೆದರೆ ಮುಗಿಯುತ್ತೆ, ಅದಕ್ಕೆ. ಗೆಳೆಯರು ಬಂದಾಗ ಕೋಲಾ ಬೆರೆಸಿಬಿಟ್ಟಾರು ಅನ್ನೋ ಭಯವೂ ಇತ್ತು.

ಆ ರಾತ್ರಿ ತೆಗೆದೆ. ಕಾರ್ಕ್ ಒಣಗಿ ಹೋಗಿತ್ತು, ತಿರುಗಿಸಿದ ಕೂಡಲೇ ಅರ್ಧಕ್ಕೆ ಮುರಿಯಿತು. ವೈನಿನ ಹಾಗೆ ವಿಸ್ಕಿಯನ್ನು ಮಲಗಿಸಿ ಇಡುವಂತಿಲ್ಲ, ಮದ್ಯ ಕಾರ್ಕನ್ನೇ ತಿನ್ನುತ್ತೆ. ನಿಲ್ಲಿಸಿಟ್ಟರೆ ಹೀಗೆ. ಚಾಕು ತುದಿಯಿಂದ ಮೀಟಲು ಹೋಗಿ ಹೆಬ್ಬೆರಳು ಕುಯ್ದುಕೊಂಡೆ. ಉಳಿದ ಕಾರ್ಕ್ ಪುಡಿಪುಡಿಯಾಗಿ ಒಳಗೆ ಬಿತ್ತು. ಕೊನೆಗೆ ಬೆರಳಿಗೆ ಕರ್ಚೀಫ್ ಸುತ್ತಿಕೊಂಡು, ಟೀ ಸೋಸುವ ಜಾಲರಿಯಲ್ಲಿ ಸೋಸಿದೆ.

ಜ್ಯೂಸ್ ಗ್ಲಾಸಿಗೆ ಎರಡು ಬೆರಳಷ್ಟು. ಚಮಚದಲ್ಲಿ ನಾಲ್ಕು ಹನಿ ನೀರು. ಮೊದಲ ಗುಟುಕಿಗೆ ಸಿಹಿ, ಥೇಟ್ ಜೋನಿ ಬೆಲ್ಲ. ಆಮೇಲೆ ಒಣದ್ರಾಕ್ಷಿ, ಸ್ವಲ್ಪ ಉಪ್ಪು. ನುಂಗಿದ ಮೇಲೆ ಹೊಗೆ ನಿಧಾನವಾಗಿ ಮೇಲೆ ಬಂತು. ಐದು ನಿಮಿಷ ಆದರೂ ಗಂಟಲಲ್ಲೇ ಇತ್ತು. ಐಲಾದಲ್ಲಿ ಕುಡಿದಾಗ ಇಷ್ಟು ಮೆತ್ತಗೆ ಅನ್ನಿಸಿರಲಿಲ್ಲ. ಬಾಟಲಿಯೊಳಗೆ ಸೇರಿದ ಗಾಳಿಯ ಕೆಲಸವೋ, ನನ್ನ ನಾಲಿಗೆಗೇ ವಯಸ್ಸಾಯಿತೋ.

ಅಮ್ಮ ಎದುರಿಗೆ ಬಂದು ಕೂತಳು. ನನಗೆ 42 ಆದರೂ ಕೈ ತಾನಾಗಿ ಗ್ಲಾಸನ್ನು ಪೇಪರ್ ಹಿಂದೆ ಸರಿಸಿತು.

"ತಾ ಇಲ್ಲಿ."

ಮೂಸಿದಳು. ಕಣ್ಣು ಮುಚ್ಚಿ ಇನ್ನೊಂದು ಸಲ ಮೂಸಿದಳು.

"ಟಿಂಚರ್ ವಾಸನೆ ಅಲ್ವಾ ಅಮ್ಮ?"

"ಟಿಂಚರ್ ಅಲ್ಲ ಕಣೋ. ಲೈಸಾಲ್. ಹೆರಿಗೆ ಕೋಣೆಯದು."

ಅವಳು ಹೇಳಿದ್ದೇ ಸರಿ. ಹಿಂದೆ ಆಸ್ಪತ್ರೆಗಳಲ್ಲಿ ಕ್ರಿಮಿ ಕೊಲ್ಲಲು ಬಳಸುತ್ತಿದ್ದ ಲೈಸಾಲ್‌ನಲ್ಲಿ ಇದ್ದಿದ್ದು ಕ್ರೆಸಾಲ್ ಅನ್ನೋ ರಾಸಾಯನಿಕ. ಪೀಟ್ ಹೊಗೆಯಲ್ಲೂ ಕ್ರೆಸಾಲ್, ಫೀನಾಲ್ ಇರುತ್ತವೆ. ಫೀನಾಲ್ ಅಂದರೆ ಹಳೇ ಕಾಲದ ಕಾರ್ಬಾಲಿಕ್ ಆಸಿಡ್. 1865ರಲ್ಲಿ ಜೋಸೆಫ್ ಲಿಸ್ಟರ್ ಅನ್ನೋ ಡಾಕ್ಟರು, ಗಾಡಿ ಹರಿದು ಕಾಲು ಮುರಿದುಕೊಂಡ ಹುಡುಗನ ಗಾಯಕ್ಕೆ ಅದನ್ನೇ ಹಚ್ಚಿ ಕೀವಾಗದಂತೆ ನೋಡಿಕೊಂಡಿದ್ದರು. ಅದೂ ಗ್ಲಾಸ್ಗೋದಲ್ಲೇ. ಇಷ್ಟೂ ವರ್ಷ ನಾನು ಬಾಯಿಬಿಟ್ಟು ಟಿಂಚರ್, ಅಯೋಡಿನ್ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದೆ.

ಅಮ್ಮನಿಗೆ ಆಗಲೇ ನನ್ನ ಹೆಬ್ಬೆರಳು ಕಂಡಿತ್ತು. ಕರ್ಚೀಫ್ ಬಿಚ್ಚಿ ನೋಡಿದಳು. ಬಾಟಲಿ ಎತ್ತಿ ಕನ್ನಡಕ ಸರಿಮಾಡಿಕೊಂಡಳು.

"ಎಷ್ಟು ಪರ್ಸೆಂಟ್ ಆಲ್ಕೋಹಾಲ್ ಇದರಲ್ಲಿ?"

"43."

"ಸಾಲದು. 70 ಇರ್ಬೇಕು" ಅಂದು, ಹತ್ತಿ ತರಲು ಎದ್ದಳು.