ಹೈಸ್ಕೂಲಲ್ಲಿ ಜಾಣ, ಕಾಲೇಜಲ್ಲಿ ಯಾಕೆ ಮಂಕು?

ಶಿರಸಿಯಲ್ಲಿ ಡಿಗ್ರಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವವಳು ನಾನು. ಮದುವೆಮನೆಯಿರಲಿ, ಸೊಸೈಟಿಯ ಕ್ಯೂ ಇರಲಿ, ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ: "ನಮ್ಮನೆ ಮಾಣಿ ಎಸ್ಸೆಸ್ಸೆಲ್ಸಿಲಿ 625ಕ್ಕೆ 600ರ ಮೇಲೆ ತೆಗೆದಿದ್ದ. ಕಾಲೇಜಿಗೆ ಹೋದಮೇಲೆ ಏನಾಯ್ತು ಇವನಿಗೆ?"

ಮಾಣಿಗೆ ಏನೂ ಆಗಿಲ್ಲ. ಅವನಿಗೆ ಕೇಳುವ ಪ್ರಶ್ನೆಯ ಜಾತಿ ಬದಲಾಗಿದೆ. ಅದನ್ನು ಯಾರೂ ಅವನಿಗೆ ಹೇಳಿಲ್ಲ.

ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ಒಂದು ಪ್ರಯೋಗವಿದೆ. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಮೊಳೆ ಕೆಂಪು-ಕಂದು ಬಣ್ಣಕ್ಕೆ ತಿರುಗುತ್ತದೆ, ದ್ರಾವಣದ ನೀಲಿ ಮಸುಕಾಗುತ್ತದೆ. ಕಬ್ಬಿಣ ಹೆಚ್ಚು ಕ್ರಿಯಾಶೀಲ, ಹಾಗಾಗಿ ತಾಮ್ರವನ್ನು ಹೊರಗೆ ತಳ್ಳುತ್ತದೆ. ಸಮೀಕರಣ ಬರೆದರೆ ಅಂಕ ಬಂತು.

ಅದೇ ತಾಮ್ರದ ಸಲ್ಫೇಟ್ ಮಳೆಗಾಲ ಶುರುವಾಗುವ ಹೊತ್ತಿಗೆ ಮೈಲುತುತ್ತ ಅಂತ ಈ ಮಕ್ಕಳ ಮನೆಗೇ ಬಂದಿರುತ್ತದೆ. ಅಡಿಕೆಗೆ ಕೊಳೆ ರೋಗ ಬೀಳಬಾರದಲ್ಲ! 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಸೇರಿದರೆ ಬೋರ್ಡೋ ಮದ್ದು. ಹದ ನೋಡಲು ಅಪ್ಪ ಅದರಲ್ಲಿ ಕತ್ತಿ ಅದ್ದುತ್ತಾರೆ. ಕೆಂಪಾದರೆ ಇನ್ನಷ್ಟು ಸುಣ್ಣ ಬೇಕು.

ಪುಸ್ತಕದ ಮೊಳೆಯೂ ಅಪ್ಪನ ಕತ್ತಿಯೂ ಒಂದೇ ಎಂದು ಹೊಳೆದಿರುವ ಮಕ್ಕಳು ನನ್ನ ಕ್ಲಾಸಿಗೆ ಬರುವುದು ಅಪರೂಪ. ಇದಕ್ಕೆ ಹೈಸ್ಕೂಲ್ ಮಾಸ್ತರನ್ನು ದೂರುವುದಿಲ್ಲ. ಏನಾಗುತ್ತದೆ ಅನ್ನುವುದನ್ನು ಗಟ್ಟಿ ಮಾಡಿಸುವುದು ಅವರ ಕೆಲಸ. ಬಾಯಿಪಾಠವನ್ನು ಬೈಯುವುದು ಈಗ ಫ್ಯಾಶನ್ ಆಗಿದೆ. ಆದರೆ ಯಾವ ಲೋಹ ಯಾವುದಕ್ಕಿಂತ ಹೆಚ್ಚು ಕ್ರಿಯಾಶೀಲ ಎನ್ನುವ ಸರಣಿಯೇ ಬಾರದವರ ಹತ್ತಿರ ನಾನು ಮುಂದಿನ ಪ್ರಶ್ನೆ ಕೇಳುವುದಾದರೂ ಹೇಗೆ?

ಆ ಪ್ರಶ್ನೆ ಇದು: ಸುಣ್ಣ ಸಾಕಷ್ಟು ಬಿದ್ದ ಮೇಲೆ ಕತ್ತಿಗೆ ತಾಮ್ರ ಯಾಕೆ ಹತ್ತುವುದಿಲ್ಲ? ತಾಮ್ರವಂತೂ ಡ್ರಮ್ಮಿನಲ್ಲೇ ಇದೆ. ಕಲಿತ ಪ್ರಕಾರ ಹತ್ತಲೇಬೇಕಿತ್ತು.

ಕ್ಲಾಸ್ ಗಪ್‌ಚುಪ್. 600 ದಾಟಿದವರು ಇನ್ನೂ ಗಪ್‌ಚುಪ್, ಏಕೆಂದರೆ ತಪ್ಪು ಹೇಳಿ ಅವರಿಗೆ ಅಭ್ಯಾಸವಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ, "ಸುಣ್ಣ ತಾಮ್ರವನ್ನ ಹಿಡಿದುಕೊಂಡಿರಬಹುದಾ ಮೇಡಂ?" ಹಿಡಿದಿದ್ದರೆ ಹೇಗೆ ಗೊತ್ತಾಗಬೇಕು? ಮದ್ದನ್ನು ಗಾಜಿನ ಲೋಟದಲ್ಲಿ ಸುಮ್ನೆ ಬಿಡುತ್ತೇವೆ. ನೀಲಿಯೆಲ್ಲ ತಳಕ್ಕೆ ಇಳಿಯುತ್ತದೆ, ಮೇಲೆ ತಿಳಿನೀರು. ತಾಮ್ರ ಕರಗದ ಗಸಿಯಾಗಿದೆ. ಕಬ್ಬಿಣ ಹೊರದಬ್ಬಲು ನೀರಿನಲ್ಲಿ ಬಿಡಿ ತಾಮ್ರವೇ ಉಳಿದಿಲ್ಲ. ಎಳೆ ಕಾಯಿ ಸುಡದಿರುವುದೂ, ಮಳೆಗೆ ಮದ್ದು ಬೇಗ ತೊಳೆದು ಹೋಗದಿರುವುದೂ ಇದರಿಂದಲೇ.

ಕಾಲೇಜಿನಲ್ಲಿ ನಡೆಯಬೇಕಾದದ್ದು ಇದು. ಎಲ್ಲ ಕಡೆ ನಡೆಯುತ್ತದೆ ಎಂದು ಹೇಳಲಾರೆ. ನೋಟ್ಸ್ ಬರೆಸಿ ಮುಗಿಸುವ ಡಿಗ್ರಿ ಕ್ಲಾಸುಗಳು ಬೇಕಾದಷ್ಟಿವೆ.

ನಡುವೆ ಪಿಯುಸಿ ಬೇರೆ. ಸಿಇಟಿಯ ಒಂದು ಪೇಪರಿನಲ್ಲಿ 60 ಪ್ರಶ್ನೆ, 80 ನಿಮಿಷ. ಒಂದೊಂದಕ್ಕೆ 80 ಸೆಕೆಂಡ್. ಅಲ್ಲಿ ಯೋಚನೆ ಮಾಡುತ್ತ ಕೂತರೆ ಸೀಟು ಹೋಯಿತು. ಎರಡು ವರ್ಷ ಹಾಗೆ ತಯಾರಾದವರು ನಮ್ಮ ಲ್ಯಾಬಿಗೆ ಬಂದು, ಕೊಟ್ಟ ಲವಣ ಯಾವುದೆಂದು ತಾವೇ ಪತ್ತೆ ಮಾಡಬೇಕಾದ ಸಾಲ್ಟ್ ಅನಾಲಿಸಿಸ್ ದಿನ ಅಟೆಂಡರ್ ಕಿವಿಯಲ್ಲಿ "ಯಾವ ಸಾಲ್ಟ್ ಕೊಟ್ಟಿದ್ದಾರೆ?" ಅನ್ನುತ್ತಾರೆ. ಉತ್ತರ ಸಿಕ್ಕಿದ ಮೇಲೆ ಜರ್ನಲ್‌ನಲ್ಲಿ ಪ್ರಯೋಗ ಚಂದವಾಗಿ ಹುಟ್ಟಿಕೊಳ್ಳುತ್ತದೆ!

"ಹಾಗಾದರೆ ಟ್ಯೂಷನ್ನಿಗೆ ಹಾಕೋಣ್ವಾ?" ಎಂದು ಕೇಳುವವರಿಗೆ ಬೇಡ ಅನ್ನುತ್ತೇನೆ. ಟ್ಯೂಷನ್ನಿನಲ್ಲಿ ಸಿಗುವುದು ಮತ್ತೆ ಹಳೇ ಜಾತಿಯ ಪ್ರಶ್ನೆಯೇ. ಮೊದಲ ಸೆಮಿಸ್ಟರಿನಲ್ಲಿ ಅಂಕ ಇಳಿದರೆ ಇಳಿಯಲಿ.

ನನ್ನ ಕ್ಲಾಸಿನ ಹುಡುಗಿಯೊಬ್ಬಳು ಈಗ ಇನ್ನೊಂದು ಪ್ರಶ್ನೆ ಹಿಡಿದು ಕೂತಿದ್ದಾಳೆ. ಮದ್ದು ಅಷ್ಟು ಸುಲಭಕ್ಕೆ ಕರಗುವುದಿಲ್ಲ ಅಂದರೆ, ಅಜ್ಜನ ಕಾಲದಿಂದ ಹೊಡೆದ ತಾಮ್ರವೆಲ್ಲ ತೋಟದ ಮಣ್ಣಲ್ಲೇ ಇರಬೇಕಲ್ವಾ? ಸಿಲೆಬಸ್ಸಿನಲ್ಲಿ ಇದು ಇಲ್ಲ. ಹಳೇ ತೋಟದ ಮಣ್ಣು ಒಂದು ಚೀಲ, ಹೊಸ ತೋಟದ್ದು ಒಂದು ಚೀಲ ತಂದು ಲ್ಯಾಬಿನ ಮೂಲೆಯಲ್ಲಿ ಇಟ್ಟಿದ್ದಾಳೆ. ಅಟೆಂಡರ್ ದಿನಾ ಗೊಣಗುತ್ತಾರೆ.